ಹಳೆಯ ನಕ್ಷೆಯಲ್ಲಿ ಮೆಜೆಸ್ಟಿಕ್: ಬಡಾವಣೆಯ ಚರಿತ್ರೆ ಹುಡುಕಲು ಒಂದು ಕೈಪಿಡಿ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ, ಕೆಂಪೇಗೌಡ ಬಸ್ ನಿಲ್ದಾಣದ ಮಗ್ಗುಲಲ್ಲೇ ಟ್ಯಾಂಕ್ ಬಂಡ್ ರಸ್ತೆ ಇದೆ. ಕನ್ನಡದಲ್ಲಿ ಹೇಳುವುದಾದರೆ ಅದು ಕೆರೆ ಏರಿಯ ರಸ್ತೆ. ಬಸ್ಸು ಹಿಡಿಯುವ ಧಾವಂತದಲ್ಲಿ ಅದನ್ನು ದಾಟುವವರಲ್ಲಿ, ಏರಿ ಇದ್ದ ಮೇಲೆ ಕೆರೆ ಎಲ್ಲಿ ಹೋಯಿತು ಎಂದು ಕೇಳಿಕೊಳ್ಳುವವರು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಯಾವುದಾದರೂ ಬೆಂಗಳೂರು ನಕ್ಷೆಯನ್ನು ತೆರೆದರೆ ಉತ್ತರ ಕಣ್ಣಿಗೆ ಬೀಳುತ್ತದೆ: ಪೇಟೆಯ ವಾಯವ್ಯದ ಅಂಚಿನಲ್ಲಿ, ಇಂದು ಬಸ್ಸುಗಳು ಸಾಲುಗಟ್ಟುವ ಜಾಗದಲ್ಲಿ, ಕೆಂಪೇಗೌಡರ ಕಾಲದ್ದೆಂದು ಹೇಳಲಾಗುವ ಧರ್ಮಾಂಬುಧಿ ಕೆರೆ ಹರಡಿಕೊಂಡಿದೆ. ತಮ್ಮ ತಮ್ಮ ಬಡಾವಣೆಯಲ್ಲಿ ಇಂಥದೇ ಹುಡುಕಾಟ ನಡೆಸಬೇಕೆಂಬ ಆಸೆಯುಳ್ಳವರಿಗಾಗಿ, ಕೆಲವು ವರ್ಷಗಳಿಂದ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕ್ಷೇತ್ರವನ್ನು ಕಿರಿದು ಮಾಡಿಕೊಳ್ಳಬೇಕು. ಇಡೀ ಊರಿನ ಚರಿತ್ರೆ ಬರೆಯಲು ಹೊರಟವರು ನಕ್ಷೆಗಳ ರಾಶಿಯಲ್ಲೇ ಕಳೆದುಹೋಗುತ್ತಾರೆ. ಅರ್ಧ ಗಂಟೆಯಲ್ಲಿ ನಡೆದು ಸುತ್ತು ಹಾಕಬಹುದಾದಷ್ಟು ಜಾಗ ಸಾಕು. ಆ ಜಾಗಕ್ಕೆ ಕೇಳುವ ಪ್ರಶ್ನೆಯೂ ಒಂದೇ ಇರಲಿ. ನಾನು ಯಾವಾಗಲೂ ನೀರಿನಿಂದ ಆರಂಭಿಸುತ್ತೇನೆ. ಕಟ್ಟಡಗಳು ಒಂದು ತಲೆಮಾರಿನಲ್ಲಿ ಮೂರು ಸಲ ಬದಲಾಗಬಹುದು, ಆದರೆ ಇಳಿಜಾರು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಕೆರೆಯ ಏರಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ನೀರು ಬಿಡುವ ತೂಬು, ಅದರ ಕೆಳಗೆ ನೀರುಣ್ಣುವ ಅಚ್ಚುಕಟ್ಟು, ಇವುಗಳನ್ನು ಗುರುತಿಸಿದರೆ ಹಳೆಯ ದಾರಿಗಳೂ ಗುಡಿಗಳೂ ತೋಟಗಳೂ ಯಾಕೆ ಅಲ್ಲಲ್ಲೇ ಇದ್ದವು ಎಂಬುದು ತಾನಾಗಿ ತಿಳಿಯತೊಡಗುತ್ತದೆ.

ನಕ್ಷೆಗಳು ಸಿಗುವ ಜಾಗಗಳು ಈಗ ಅಷ್ಟೇನೂ ದುರ್ಲಭವಲ್ಲ. ಬ್ರಿಟಿಷ್ ಲೈಬ್ರರಿಯ ಸಂಗ್ರಹ, ಡೇವಿಡ್ ರಮ್ಸಿ ನಕ್ಷೆ ಸಂಗ್ರಹ, ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ಟನೇಡ ಗ್ರಂಥಾಲಯದಲ್ಲಿರುವ ಅಮೆರಿಕದ ಸೇನೆಯ ನಕ್ಷೆಗಳು, ಇವೆಲ್ಲ ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಇಂದಿನ 1:50,000 ಹಾಳೆಗಳನ್ನು ಅದರ ತಾಣದಿಂದಲೇ ಇಳಿಸಿಕೊಳ್ಳಬಹುದು. ಊರಿನೊಳಗೆ ಹುಡುಕುವವರಿಗೆ ಕರ್ನಾಟಕ ರಾಜ್ಯ ಪತ್ರಾಗಾರವೂ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯವೂ ಇವೆ.

ಹಾಳೆ ಕೈಗೆ ಬಂದ ಕೂಡಲೇ ನಮ್ಮ ಮನೆ ಎಲ್ಲಿ ಎಂದು ಹುಡುಕುವ ಮೊದಲು, ಇದನ್ನು ಬರೆದವರು ಯಾರು, ಬರೆಸಿದವರು ಯಾರು ಎಂದು ಕೇಳಿಕೊಳ್ಳಿ. 1791ರ ಮಾರ್ಚ್ 7ರಂದು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಹಲಸೂರು ಬಾಗಿಲಿನ ಕಡೆಯಿಂದ ಪೇಟೆಯೊಳಗೆ ನುಗ್ಗಿತು. 21ರ ರಾತ್ರಿ ಕೋಟೆ ಬಿತ್ತು. ಆ ಮುತ್ತಿಗೆಯನ್ನು ತೋರಿಸುವ ನಕ್ಷೆಗಳಲ್ಲಿ ಕೋಟೆಯ ಬುರುಜು, ಕಂದಕ, ಪೇಟೆಯ ಬಾಗಿಲುಗಳು, ಫಿರಂಗಿ ಇಟ್ಟ ಜಾಗಗಳು, ಇವೆಲ್ಲ ಬಹಳ ಆಸ್ಥೆಯಿಂದ ಬಂದಿವೆ. ಪೇಟೆಯೊಳಗೆ ಯಾರ ಮನೆ ಎಲ್ಲಿತ್ತು ಎಂಬುದು ದಂಡೆತ್ತಿ ಬಂದವರಿಗೆ ಬೇಕಿರಲಿಲ್ಲ, ಹಾಗಾಗಿ ಅಲ್ಲಿ ಅದು ಇಲ್ಲ. ಕಂದಾಯದ ನಕ್ಷೆ ಇದಕ್ಕೆ ತದ್ವಿರುದ್ಧ: ತೆರಿಗೆ ಬರುವ ಹೊಲದ ಮೂಲೆಮೂಲೆಯೂ ಅಳತೆಗೆ ಸಿಕ್ಕಿರುತ್ತದೆ, ಆದರೆ ತೆರಿಗೆ ತಾರದ ಗುಡಿ ಒಂದು ಪುಟ್ಟ ಗುರುತಾಗಿ ಉಳಿದಿರುತ್ತದೆ. ಪ್ರವಾಸಿಗಳಿಗೆಂದು ಅಚ್ಚಾದ ನಕ್ಷೆ ದಂಡು ಪ್ರದೇಶದ (ಕಂಟೋನ್ಮೆಂಟಿನ) ಚರ್ಚು, ಕ್ಲಬ್ಬು, ಹೋಟೆಲುಗಳನ್ನು ಹೆಸರಿಸಿ, ಹಳೆಯ ಪೇಟೆಯನ್ನು ಒಂದು ಬೂದು ಮುದ್ದೆಯಂತೆ ಬಿಟ್ಟುಬಿಡುವುದುಂಟು. ಆದ್ದರಿಂದ ನಕ್ಷೆಯಲ್ಲಿ ಒಂದು ವಸ್ತು ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಆಗ ಇರಲಿಲ್ಲವೆಂದು ತೀರ್ಮಾನಿಸಬಾರದು.

ಇಸವಿಯ ವಿಷಯದಲ್ಲೂ ಎಚ್ಚರ ಬೇಕು. ಹಾಳೆಯ ಅಂಚಿನಲ್ಲಿ ಕಾಣುವ ವರ್ಷ ಅಚ್ಚಾದ ವರ್ಷವಾಗಿರಬಹುದು. ಅಳತೆ ನಡೆದದ್ದು ಅದಕ್ಕಿಂತ ಹತ್ತಿಪ್ಪತ್ತು ವರ್ಷ ಮೊದಲು ಇರಬಹುದು, ನಡುವೆ ಯಾರೋ ರೈಲು ಹಾದಿಯನ್ನಷ್ಟೇ ಸೇರಿಸಿರಬಹುದು. ಇದನ್ನು ಪರೀಕ್ಷಿಸಲು ಖಚಿತವಾದ ಕೆಲವು ಘಟನೆಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ; ಸ್ಯಾಂಕಿ ಕೆರೆ 1882ರದು; 1898ರ ಪ್ಲೇಗಿನ ನಂತರವೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಭರದಿಂದ ಬೆಳೆದವು. ರೈಲು ಇದ್ದು ಸ್ಯಾಂಕಿ ಕೆರೆ ಇಲ್ಲದಿದ್ದರೆ, ಅಚ್ಚಿನ ವರ್ಷ ಏನೇ ಹೇಳಲಿ, ಒಳಗಿನ ಅಳತೆ ಬಹುತೇಕ ಆ ಎರಡರ ನಡುವಿನದು.

ಮುಂದಿನದು ಪ್ರಮಾಣ. ಹಳೆಯ ಹಾಳೆಗಳಲ್ಲಿ ಒಂದು ಅಂಗುಲಕ್ಕೆ ಒಂದು ಮೈಲಿ ಎಂಬ ಲೆಕ್ಕ ಸಾಮಾನ್ಯ, ಅಂದರೆ 1:63,360. ಅಂಥ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೊಂದು ನೆಲದ ಮೇಲೆ ಸುಮಾರು 32 ಮೀಟರ್ ಆಗುತ್ತದೆ. ಆ ಗೆರೆಯನ್ನು ನಂಬಿ, ಹಳೆಯ ದಾರಿ ನಮ್ಮ ಮನೆಯ ಹಿತ್ತಲಲ್ಲೇ ಹಾದಿತ್ತೆಂದು ವಾದಿಸಹೊರಟರೆ ಪಕ್ಕದ ಬೀದಿಯವರೂ ಅಷ್ಟೇ ಹಕ್ಕಿನಿಂದ ವಾದಿಸಬಹುದು. ಇನ್ನೊಂದು ಮಾತು: ಸ್ಕ್ಯಾನ್ ಮಾಡಿದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಕುಗ್ಗಿಸಿದಾಗ ಅಚ್ಚಾದ ಅನುಪಾತಕ್ಕೆ ಅರ್ಥ ಉಳಿಯುವುದಿಲ್ಲ. ಹಾಳೆಯ ಕೆಳಗೆ ಬರೆದ ಪಟ್ಟಿಯ ಅಳತೆಯನ್ನು ಮಾತ್ರ ನಂಬಿ. ಆ ಪಟ್ಟಿಯನ್ನು ಕತ್ತರಿಸಿ ಉಳಿದ ಭಾಗವನ್ನಷ್ಟೇ ಉಳಿಸಿಕೊಂಡರೆ ಅರ್ಧ ನಕ್ಷೆ ಕಳೆದುಕೊಂಡಂತೆಯೇ.

ಓದುಗರಲ್ಲಿ ಹೆಚ್ಚಿನವರು ಹಳೆಯ ಪೇಟೆಯವರಲ್ಲ, ಒಂದು ಕಾಲಕ್ಕೆ ಹಳ್ಳಿಗಳಾಗಿದ್ದ ಬಡಾವಣೆಗಳವರು. ಅವರಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಕಂದಾಯ ಗ್ರಾಮ ನಕ್ಷೆ ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೂ ಚರಿತ್ರೆಯ ಆಸಕ್ತರು ಅದನ್ನು ಜಮೀನು ವ್ಯಾಜ್ಯದ ಕಾಗದವೆಂದು ಬದಿಗಿಡುತ್ತಾರೆ. ಕರ್ನಾಟಕದ ಭೂದಾಖಲೆಗಳ ಇಲಾಖೆಯ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಯ ಮೂಲಕ ಹೋದರೆ ಇಂಥ ಅನೇಕ ನಕ್ಷೆಗಳು ಸಿಗುತ್ತವೆ. ಇವುಗಳ ವಾಡಿಕೆಯ ಪ್ರಮಾಣ ಅಂಗುಲಕ್ಕೆ ಹತ್ತು ಸರಪಳಿ, ಅಂದರೆ 660 ಅಡಿ, ಅನುಪಾತದಲ್ಲಿ 1:7,920. ಒಂದೊಂದು ಸರ್ವೆ ನಂಬರಿನ ಗಡಿ, ಬಾಂದುಕಲ್ಲು, ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ, ಗುಂಡುತೋಪು, ಊರಿನ ಮನೆಗಳಿದ್ದ ಗ್ರಾಮಠಾಣಾ ಇಲ್ಲಿ ಕಾಣುತ್ತವೆ. ಮೂರು ಹಳ್ಳಿಗಳ ಗಡಿ ಕೂಡುವಲ್ಲಿ ತ್ರಿಗಟ್ಟು ಕಲ್ಲಿನ ಗುರುತಿರುತ್ತದೆ. ಆ ಕಲ್ಲು ಈಗಲೂ ಯಾವುದಾದರೂ ಕಾಂಪೌಂಡಿನ ಬುಡದಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿರಬಹುದು, ಹುಡುಕಿ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಕಾಣಿಸುತ್ತದೆ. ಆ ನಂಬರನ್ನು ಗ್ರಾಮ ನಕ್ಷೆಯಲ್ಲಿ ಗುರುತಿಸಿದರೆ ನಿಮ್ಮ ಅಡ್ಡರಸ್ತೆ ಗದ್ದೆಯಾಗಿತ್ತೋ ಕೆರೆಯ ಹಿನ್ನೀರಾಗಿತ್ತೋ ಗೊತ್ತಾಗುತ್ತದೆ. ಚೌಕಚೌಕವಾಗಿ ವಿಂಗಡಿಸಿದ ಬಡಾವಣೆಯ ನಡುವೆ ಒಂದೇ ಒಂದು ರಸ್ತೆ ಸೊಟ್ಟಗೆ ಹಾದುಹೋಗಿದ್ದರೆ, ಹತ್ತರಲ್ಲಿ ಎಂಟು ಸಲ ಅದು ಹಳೆಯ ಬಂಡಿದಾರಿ ಇಲ್ಲವೇ ಹಳ್ಳದ ದಂಡೆ ಎಂಬುದು ನನ್ನ ಅನುಭವ.

ಇನ್ನು ಹಳೆಯದನ್ನು ಹೊಸದರ ಮೇಲೆ ಕೂರಿಸುವ ಕೆಲಸ. ಕ್ಯೂಜಿಐಎಸ್, ಮ್ಯಾಪ್ ವಾರ್ಪರ್, ಗೂಗಲ್ ಅರ್ಥ್, ಈ ತಂತ್ರಾಂಶಗಳಲ್ಲಿ ಯಾವುದನ್ನು ಬಳಸಿದರೂ ತತ್ತ್ವ ಒಂದೇ: ಎರಡೂ ನಕ್ಷೆಗಳಲ್ಲಿ ನಿಸ್ಸಂದೇಹವಾಗಿ ಒಂದೇ ಆಗಿರುವ ಬಿಂದುಗಳನ್ನು ಜೋಡಿಸಬೇಕು. ಬೆಂಗಳೂರಿನಲ್ಲಿ ಲಾಲ್‌ಬಾಗ್ ಬಂಡೆಯ ಮೇಲಿನ ಕೆಂಪೇಗೌಡ ಗೋಪುರ, ಕೋಟೆಯ ಉಳಿದ ಬಾಗಿಲು, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕ, ಇವು ಒಳ್ಳೆಯ ಬಿಂದುಗಳು. ಸ್ಮಾರಕಗಳನ್ನು ನಂಬಬೇಡಿ, ಅವು ಸರಿಯುತ್ತವೆ ಅಥವಾ ಮಾಯವಾಗುತ್ತವೆ. 1791ರ ಯುದ್ಧದ ನೆನಪಿನ ಸ್ತಂಭ 1964ರವರೆಗೆ ಇಂದಿನ ಕಾರ್ಪೊರೇಷನ್ ವೃತ್ತದ ಬಳಿ ಇತ್ತು, ಅದರಿಂದಲೇ ನೃಪತುಂಗ ರಸ್ತೆಗೆ ಹಿಂದೆ ಸೆನೋಟಾಫ್ ರಸ್ತೆ ಎಂಬ ಹೆಸರಿತ್ತು. ಬಿಂದುಗಳು ಹಾಳೆಯ ನಾಲ್ಕೂ ಕಡೆ ಹರಡಿರಬೇಕು. ನಾನು ಮೊದಲ ಸಲ ಮಾಡಿದಾಗ ನಾಲ್ಕನ್ನೂ ಪೇಟೆಯೊಳಗೇ ಆರಿಸಿ, ಎಲ್ಲವೂ ಗೆರೆಗೆ ಗೆರೆ ಕೂಡಿತೆಂದು ಬೀಗಿದ್ದೆ. ಹಾಳೆಯ ಪೂರ್ವದ ತುದಿಗೆ ಸರಿದು ನೋಡಿದರೆ, ಇಂದಿಗೂ ಇದ್ದಲ್ಲೇ ಇರುವ ಹಲಸೂರು ಕೆರೆ ಎರಡು ಬೀದಿಯಷ್ಟು ಪಕ್ಕಕ್ಕೆ ಹೋಗಿ ಕುಳಿತಿತ್ತು. ಅಂದಿನಿಂದ ಜೋಡಣೆಗೆ ಬಳಸದ ಒಂದು ಗುರುತನ್ನು ಪರೀಕ್ಷೆಗೆಂದೇ ಮೀಸಲಿಡುತ್ತೇನೆ. ಹಾಳೆಯ ಅಂಚಿನಲ್ಲಿ ಬರೆದ ರೇಖಾಂಶವನ್ನು ನೇರವಾಗಿ ಕಂಪ್ಯೂಟರಿಗೆ ಉಣಿಸುವುದೂ ಅಪಾಯಕಾರಿ, ಏಕೆಂದರೆ ಹಳೆಯ ಸರ್ವೆ ಹಾಳೆಗಳು ಮದರಾಸು ವೀಕ್ಷಣಾಲಯದ ಹಿಂದಿನ ರೇಖಾಂಶ ಮೌಲ್ಯವನ್ನು ಆಧರಿಸಿದ್ದವು. ಅದರಲ್ಲಿ ಸುಮಾರು ಎರಡೂವರೆ ನಿಮಿಷದ ವ್ಯತ್ಯಾಸವಿದೆ, ಬೆಂಗಳೂರಿನ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ತಂತ್ರಾಂಶದ ರಗಳೆ ಬೇಡವೆನ್ನುವವರು ಒಂದು ಬಟರ್ ಪೇಪರ್ ಮೇಲೆ ಕೆರೆ, ಹಳ್ಳ, ದಾರಿಗಳನ್ನಷ್ಟೇ ಎಳೆದುಕೊಂಡು ಇಂದಿನ ನಕ್ಷೆಯ ಮೇಲಿಡಬಹುದು. ಕೈಯಿಂದ ಎಳೆದ ಗೆರೆ ಮನಸ್ಸಿನಲ್ಲಿ ಉಳಿಯುವಷ್ಟು ಪರದೆಯ ಮೇಲಿನ ಪದರ ಉಳಿಯುವುದಿಲ್ಲ.

ಮತ್ತೆ ಮೆಜೆಸ್ಟಿಕ್ಕಿಗೆ ಬರೋಣ. ಈ ಹೆಸರೇ ಈಗಿಲ್ಲದ ಒಂದು ಚಿತ್ರಮಂದಿರದ್ದು, ಹಳೆಯ ನಕ್ಷೆಗಳಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಧರ್ಮಾಂಬುಧಿಯ ಅಂಚನ್ನು ಬಟರ್ ಪೇಪರಿನ ಮೇಲೆ ಎಳೆದು, ಕಾಲಾನುಕ್ರಮದಲ್ಲಿ ಒಂದೊಂದೇ ಹಾಳೆ ಹೋಲಿಸುತ್ತ ಹೋಗಿ. ಮೊದಲು ಕೆರೆ ಮತ್ತು ಪೇಟೆಯ ಕಂದಕ ಮಾತ್ರ. ಆಮೇಲೆ ಕೆರೆಯ ಪಕ್ಕದಲ್ಲಿ ರೈಲು ಹಳಿ. ಹಳಿ ಬಂದ ಮೇಲೆ ಛತ್ರಗಳು. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಆರಂಭವಾದದ್ದು ನಿಲ್ದಾಣದ ಎದುರಿಗೇ, ರೈಲಿಳಿದವರಿಗೆ ನೆರಳಾಗಲೆಂದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ನಂತರ ಊರೊಳಗಿನ ಕೆರೆಗಳ ಮೇಲಿನ ಅವಲಂಬನೆ ಕಡಿಮೆಯಾಯಿತು. ನಂತರದ ನಕ್ಷೆಗಳಲ್ಲಿ ಧರ್ಮಾಂಬುಧಿಯ ನೀಲಿ ಎಷ್ಟು ಉಳಿದಿದೆ, ಅದರೊಳಕ್ಕೆ ಬರುತ್ತಿದ್ದ ಕಾಲುವೆಗಳಿಗೆ ಹಳಿಯ ದಿಬ್ಬ ಎಲ್ಲಿ ಅಡ್ಡ ಬಂದಿದೆ ಎಂದು ಗುರುತು ಹಾಕಿಕೊಳ್ಳಿ. ಕೊನೆಗೆ ಒಣಗಿದ ಅಂಗಳ ಸುಭಾಷ್ ನಗರ ಮೈದಾನವಾಗಿ, 1960ರ ದಶಕದಲ್ಲಿ ಬಸ್ ನಿಲ್ದಾಣವಾಯಿತು.

ಈಗ ಕಾಲ್ನಡಿಗೆ. ಬೆಳಗಿನ ಆರರ ಸುಮಾರಿಗೆ, ಗಾಡಿಗಳು ಕಡಿಮೆ ಇರುವಾಗ ಹೊರಡಿ. ನಕ್ಷೆಯಲ್ಲಿ ಏರಿ ಇರುವಲ್ಲಿ ನಿಂತು ಎರಡೂ ಬದಿಯ ಅಡ್ಡರಸ್ತೆಗಳು ಯಾವ ಕಡೆಗೆ ಇಳಿಯುತ್ತವೆ ಎಂದು ನೋಡಿ. ಕಣ್ಣಿಗೆ ಗೊತ್ತಾಗದಿದ್ದರೆ ಚರಂಡಿಯ ನೀರು ಹೇಳುತ್ತದೆ. ಧರ್ಮಾಂಬುಧಿಯ ಕಡೆಯ ನೀರು ವೃಷಭಾವತಿಯ ಕಣಿವೆಗೆ ಸೇರಿದ್ದು. ಊರಿನ ದಿಣ್ಣೆಯ ಆಚೆಗಿನ ಸಂಪಂಗಿ ಕೆರೆಯ ನೀರು ಬೆಳ್ಳಂದೂರಿನ ದಿಕ್ಕಿಗೆ ಹೋಗುವಂಥದ್ದು. ಈ ಎರಡರ ನಡುವೆ ನಡೆಯುವಾಗ ಏರು ಮುಗಿದು ಇಳಿಜಾರು ಶುರುವಾಗುವ ಜಾಗವನ್ನು ಕಾಲೇ ಗುರುತಿಸುತ್ತದೆ. ಅಣ್ಣಮ್ಮನ ಗುಡಿಯಂಥ ಗ್ರಾಮದೇವತೆಯ ಸ್ಥಾನಗಳು ಕೆರೆಗೂ ಊರಿಗೂ ಯಾವ ಸಂಬಂಧದಲ್ಲಿವೆ ಎಂಬುದನ್ನೂ ಗಮನಿಸಿ.

ಹೆಸರುಗಳನ್ನು ಜರಡಿ ಹಿಡಿಯುವುದು ಪ್ರತ್ಯೇಕ ಕೆಲಸ. ಇಂಗ್ಲಿಷ್ ನಕ್ಷೆಗಾರರು ಕಿವಿಗೆ ಬಿದ್ದಂತೆ ಬರೆದರು: ಹಲಸೂರು ಅಲ್ಸೂರಾಯಿತು, ಇಂದಿನ ಶಿವಾಜಿನಗರದ ಜಾಗದಲ್ಲಿ ಬ್ಲ್ಯಾಕ್‌ಪಲ್ಲಿ ಎಂದು ಕಂಡರೆ ಕಪ್ಪು ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಯಿಬಿಟ್ಟು ಜೋರಾಗಿ ಓದಿ, ಆಗ ಕನ್ನಡದ ಹೆಸರು ಹೊರಬರುವುದುಂಟು. ಪೇಟೆಯ ಬಳೆಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆಗಳು ಕಸುಬನ್ನು ಹೇಳುತ್ತವೆ. ನಕ್ಷೆ ಹುಟ್ಟುವ ಮೊದಲಿನ ಕಾಲಕ್ಕೆ ಶಾಸನಗಳಿವೆ. ಬೆಂಗಳೂರು ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿವೆ. ಕಾಡುಮಲ್ಲೇಶ್ವರ ಗುಡಿಯ 1669ರ ಶಾಸನದಲ್ಲಿ ಮಲ್ಲಪುರದ ದೇವರಿಗೆ ಮರಾಠಾ ನಾಯಕ ಏಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ವಿಷಯವಿದೆ. ಆ ಹಳ್ಳಿಯ ಹೆಸರು ಇಂದಿನ ಯಾವ ಫಲಕದಲ್ಲೂ ನಿಮಗೆ ಸುಲಭವಾಗಿ ಕಾಣದು, ಆದರೆ ಮಲ್ಲೇಶ್ವರ ಬಡಾವಣೆಗೆ ಹೆಸರು ಎಲ್ಲಿಂದ ಬಂತೆಂಬುದು ಅದೇ ಕಲ್ಲಿನಲ್ಲಿದೆ.

ಹಿರಿಯರ ನೆನಪನ್ನು ಕೇಳುವಾಗ ಮೊದಲೇ ನಕ್ಷೆಯನ್ನು ಅವರ ಮುಂದೆ ಹರಡಬೇಡಿ. ಹರಡಿದರೆ ಅವರು ನಕ್ಷೆಯನ್ನೇ ನೆನಪಿಸಿಕೊಳ್ಳಲು ತೊಡಗುತ್ತಾರೆ. ನೀರು ಎಲ್ಲಿಂದ ತರುತ್ತಿದ್ದಿರಿ, ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತಿತ್ತು, ಹಬ್ಬದ ಮೆರವಣಿಗೆ ಎಲ್ಲಿ ತಿರುಗುತ್ತಿತ್ತು ಎಂದು ಕೇಳಿ. ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಗಿದೆ, ಆದರೂ ಒಂದು ಮೂಲೆಯಲ್ಲಿ ಪುಟ್ಟ ಕುಂಟೆ ಉಳಿದಿದೆ. ಕರಗದ ಆಚರಣೆಗೆ ಇಂದಿಗೂ ಅದು ಬೇಕು. ಪೇಟೆಯ ಧರ್ಮರಾಯನ ಗುಡಿಯಿಂದ ಅಷ್ಟು ದೂರದ ನೀರಿಗೆ ಕರಗ ಯಾಕೆ ಹೋಗುತ್ತದೆ ಎಂಬ ಪ್ರಶ್ನೆಗೆ, ಆ ಕೆರೆಯ ಸುತ್ತ, ಕರಗ ನಡೆಸುವ ತಿಗಳರ ತೋಟಗಳಿದ್ದ ಹಳೆಯ ಬೆಂಗಳೂರನ್ನು ನೋಡಿದರೆ ಉತ್ತರದ ದಾರಿ ತೆರೆಯುತ್ತದೆ.

ಕಂಡದ್ದನ್ನೆಲ್ಲ ಅದೇ ದಿನ ಬರೆದಿಡಿ. ಬಟರ್ ಪೇಪರಿನ ಮೂಲೆಯಲ್ಲಿ ಮೂಲ ನಕ್ಷೆಯ ಹೆಸರು, ಅಳತೆಯ ವರ್ಷ, ಪ್ರಮಾಣ, ನೀವು ನಡೆದ ತಾರೀಖು ಇರಲಿ. ನೀವೇ ನೋಡಿದ್ದಕ್ಕೆ ಒಂದು ಬಣ್ಣ, ನಕ್ಷೆಯಿಂದ ತೆಗೆದದ್ದಕ್ಕೆ ಇನ್ನೊಂದು, ಯಾರೋ ಹೇಳಿದ್ದಕ್ಕೆ ಮತ್ತೊಂದು ಬಣ್ಣ ಬಳಸಿ. ಎಲ್ಲವನ್ನೂ ಪೆನ್ಸಿಲ್ಲಿನಲ್ಲೇ ಬರೆಯಿರಿ, ಏಕೆಂದರೆ ಮುಂದಿನ ಹಾಳೆ ಸಿಕ್ಕ ದಿನ ಒಂದೆರಡು ಗೆರೆಗಳನ್ನಾದರೂ ಅಳಿಸಬೇಕಾಗುತ್ತದೆ.