ಕಿಡ್ನಿ ಕಾಯಿಲೆಯಲ್ಲಿ ರಕ್ತದ ಹುಳಿ: ಸೋಡಾ ಮಾತ್ರೆ ತೆಗೆದುಕೊಳ್ಳುವುದು ಹೇಗೆ?

ರಿಪೋರ್ಟಿನಲ್ಲಿ ಬೈಕಾರ್ಬನೇಟ್ (ರಕ್ತದ ಆಮ್ಲವನ್ನು ತಣಿಸುವ ಕ್ಷಾರ; ಇದು ಇಳಿದರೆ ಆಮ್ಲ ಏರಿದೆ ಎಂದರ್ಥ) 19 ಎಂದು ಕಂಡೊಡನೆ ಗ್ಯಾಸ್ ಮಾತ್ರೆ ನುಂಗುವವರಿದ್ದಾರೆ. ಹೊಟ್ಟೆಯ ಅಸಿಡಿಟಿ ಬೇರೆ, ರಕ್ತದ ಆಮ್ಲ ಬೇರೆ. ತಿಂದ ಪ್ರೋಟೀನಿನಲ್ಲಿರುವ ಗಂಧಕದಿಂದ ಮುಖ್ಯವಾಗಿ, ದೇಹದ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1 ಮಿಲಿ ಈಕ್ವಿವಲೆಂಟ್ (ಆಮ್ಲ, ಕ್ಷಾರಗಳನ್ನು ಅಳೆಯುವ ಮಾನ) ಆಮ್ಲ ಹುಟ್ಟುತ್ತದೆ. ಇದರ ಬಹುಪಾಲನ್ನು ಅಮೋನಿಯಾ ಜೊತೆ ಕಟ್ಟಿ ಮೂತ್ರಕ್ಕೆ ಸಾಗಹಾಕುವುದು ಕಿಡ್ನಿ. ಕಿಡ್ನಿಯೊಳಗೆ ರಕ್ತ ಸೋಸುವ ನೆಫ್ರಾನ್‌ಗಳು ಸಾಯುತ್ತ ಹೋದಂತೆ ಉಳಿದವು ಒಂದೊಂದೂ ಹೆಚ್ಚು ಅಮೋನಿಯಾ ತಯಾರಿಸಬೇಕಾಗುತ್ತದೆ. ಆ ಅಮೋನಿಯಾ ಅಲ್ಲೇ ಉರಿಯೂತ ಎಬ್ಬಿಸಿ ಕಿಡ್ನಿಯಲ್ಲಿ ಕಲೆಗಟ್ಟಿಸುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಕಿಡ್ನಿ ಸೋತು ಆಮ್ಲ ಏರುತ್ತದೆ, ಆಮ್ಲ ಏರಿ ಕಿಡ್ನಿ ಮತ್ತಷ್ಟು ಸೋಲುತ್ತದೆ. ನಡುವೆ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ.

ಮೊದಲು ಅಂಕಿ ನಿಜವೇ ನೋಡಿ. ಬೈಕಾರ್ಬನೇಟಿನ ಸಾಮಾನ್ಯ ಮಟ್ಟ ಲೀಟರ್ ರಕ್ತಕ್ಕೆ 22ರಿಂದ 29 ಮಿಲಿ ಈಕ್ವಿವಲೆಂಟ್. ಟ್ಯೂಬು ಅರ್ಧ ತುಂಬಿದ್ದರೆ, ಮುಚ್ಚಳ ತೆಗೆದು ಹೊತ್ತು ಇಟ್ಟಿದ್ದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಅಂಕಿ ಸುಳ್ಳೇ ಇಳಿಯುತ್ತದೆ. ರಕ್ತ ಕೊಡುವಾಗ ಮುಷ್ಟಿಯನ್ನು ಪದೇ ಪದೇ ಬಿಗಿಯಬೇಡಿ, ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಒಂದೇ ರಿಪೋರ್ಟ್ ನಂಬದೆ ಇನ್ನೊಮ್ಮೆ ಮಾಡಿಸಿ. ಮೂತ್ರಕ್ಕೆ ಅದ್ದುವ ಪಿಎಚ್ ಪಟ್ಟಿಗೆ ದುಡ್ಡು ಹಾಕಬೇಡಿ, ಅದು ರಕ್ತದ ಸ್ಥಿತಿ ಹೇಳುವುದಿಲ್ಲ. ‘ಆಲ್ಕಲೈನ್ ನೀರು’ ಅಂತೂ ಶುದ್ಧ ದಂಡ.

ಆಮೇಲೆ ಔಷಧಿ ಚೀಟಿ ತೆಗೆಯಿರಿ. ಸೆವೆಲಾಮರ್ ಹೈಡ್ರೋಕ್ಲೋರೈಡ್, ಅಸಿಟಜೋಲಮೈಡ್ ಇದ್ದರೆ ವೈದ್ಯರಿಗೆ ತೋರಿಸಿ; ಇವೂ ಬೈಕಾರ್ಬನೇಟ್ ಇಳಿಸಬಲ್ಲವು.

ಆಹಾರದಲ್ಲಿ ಮಾಂಸ, ಚೀಸ್ ಆಮ್ಲ ಕೂಡಿಸುತ್ತವೆ, ಹಣ್ಣು ತರಕಾರಿ ಕಳೆಯುತ್ತವೆ. ನಾಲಿಗೆಗೆ ಹುಳಿಯಾದರೂ ನಿಂಬೆ ಎರಡನೇ ಗುಂಪಿನದು. ಪೊಟ್ಯಾಸಿಯಂ ಹೆಚ್ಚಿರುವವರು ಕೇಳದೆ ಹಣ್ಣು ಹೆಚ್ಚಿಸಬಾರದು.

ಎಡವುವುದು ಸೋಡಾ ಮಾತ್ರೆಯಲ್ಲಿ, ಅಂದರೆ ಸೋಡಿಯಂ ಬೈಕಾರ್ಬನೇಟಿನಲ್ಲಿ. ರಕ್ತದ ಬೈಕಾರ್ಬನೇಟ್ 18ಕ್ಕಿಂತ ಕೆಳಗಿಳಿಯದಂತೆ ಚಿಕಿತ್ಸೆ ಯೋಚಿಸಿ ಎನ್ನುತ್ತದೆ ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಕೆಡಿಗೋ (KDIGO) ಸಂಸ್ಥೆಯ 2024ರ ಮಾರ್ಗಸೂಚಿ. 18ರಿಂದ 22ರ ನಡುವೆ ವೈದ್ಯರಲ್ಲೇ ಒಮ್ಮತವಿಲ್ಲ. 2009ರ ಲಂಡನ್ ಅಧ್ಯಯನದಲ್ಲಿ ಸೋಡಾ ಪಡೆದವರ ಕಿಡ್ನಿ ನಿಧಾನವಾಗಿ ಕುಗ್ಗಿತು. 60 ದಾಟಿದವರ ಮೇಲೆ ಬ್ರಿಟನ್ನಿನಲ್ಲಿ ನಡೆದ 2020ರ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ ಸ್ವಂತ ವೈದ್ಯ ಬೇಡ.

500 ಮಿಲಿಗ್ರಾಂ ಸೋಡಿಯಂ ಬೈಕಾರ್ಬನೇಟ್ ಮಾತ್ರೆಯಲ್ಲಿ ಸುಮಾರು 6 ಮಿಲಿ ಈಕ್ವಿವಲೆಂಟ್ ಕ್ಷಾರವಿದೆ. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರರಿಂದ ಶುರು, ಹಂಚಿಕೊಂಡು. ಮೂರು ಮಾತ್ರೆ ಎಂದರೆ 410 ಮಿಲಿಗ್ರಾಂ ಸೋಡಿಯಂ; ಒಂದು ಗ್ರಾಂ ಉಪ್ಪಿನಷ್ಟು. ಅದನ್ನು ದಿನದ ಉಪ್ಪಿನ ಲೆಕ್ಕದಲ್ಲಿ ಕಳೆಯಿರಿ. ಅಗ್ಗವೆಂದು ಅಡುಗೆ ಸೋಡಾ ಚಮಚದಲ್ಲಿ ತೆಗೆದುಕೊಳ್ಳುವವರು ಗಮನಿಸಿ: ಮಟ್ಟಸವಾದ ಒಂದು ಟೀ ಚಮಚ ಒಂಬತ್ತು ಹತ್ತು ಮಾತ್ರೆಗೆ ಸಮ, ತುಂಬಿ ಗುಡ್ಡೆಯಾದರೆ ಇನ್ನೂ ಹೆಚ್ಚು. ನನ್ನ ಮತ ಮಾತ್ರೆಗೇ. ಬೇಕಿಂಗ್ ಪೌಡರ್ ಮುಟ್ಟಲೇಬೇಡಿ. ಅದರೊಳಗೇ ಆಮ್ಲ ಬೆರೆಸಿರುತ್ತಾರೆ, ಹಲವದರಲ್ಲಿ ಫಾಸ್ಫೇಟ್ ಕೂಡ. ನೀರಲ್ಲಿ ಬುಸುಗುಡುವ ನೋವಿನ ಮಾತ್ರೆಯೂ ಪರ್ಯಾಯವಲ್ಲ.

ಹೊಟ್ಟೆ ಬಿರಿಯುವಷ್ಟು ಉಂಡ ಮೇಲೆ ನುಂಗಿದರೆ ಗ್ಯಾಸ್ ತುಂಬಿ ಉಬ್ಬರಿಸುತ್ತದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇಡಿ, ಇಲ್ಲವಾದರೆ ಕಬ್ಬಿಣ ಸರಿಯಾಗಿ ಒಳಹೋಗುವುದಿಲ್ಲ. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ, ಪಾದ ಒತ್ತಿದಲ್ಲಿ ಗುಳಿ ಬಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಅಂದೇ ವೈದ್ಯರಿಗೆ ಹೇಳಿ.

ಎರಡರಿಂದ ನಾಲ್ಕು ವಾರದಲ್ಲಿ ಬೈಕಾರ್ಬನೇಟ್, ಪೊಟ್ಯಾಸಿಯಂ ಎರಡನ್ನೂ ಮತ್ತೆ ನೋಡಿಸಿ. 29 ದಾಟಿದರೆ ಡೋಸ್ ಹೆಚ್ಚಾಗಿದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಂತ್ರಕ್ಕೆ ಜೋಡಿಸುವ ಮುಂಚೆಯೇ ರಕ್ತ ಕೊಡಬೇಕು. ಮುಗಿದ ಮೇಲೆ ಕೊಟ್ಟರೆ ಯಂತ್ರದ ದ್ರವದಿಂದ ಆಗಷ್ಟೇ ಬಂದ ಬೈಕಾರ್ಬನೇಟನ್ನೇ ಅಳೆದಂತಾಗುತ್ತದೆ.