ಪೋರ್ಟ್ ಫಾರ್ವರ್ಡಿಂಗ್ ಕೈಕೊಟ್ಟರೆ ಮೊದಲು ಎಲ್ಲಿ ಹುಡುಕಬೇಕು?

ಕ್ಯಾಮೆರಾ ರೆಕಾರ್ಡರನ್ನೋ ಗೇಮ್ ಸರ್ವರನ್ನೋ ಹೊರಗಿನಿಂದ ತಲುಪಲೆಂದು ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ನಿಯಮ ಹಾಕಿದ್ದೀರಿ, ಅಂದರೆ ಇಂಥ ಪೋರ್ಟ್ ಸಂಖ್ಯೆಗೆ (ಸೇವೆಯ ಬಾಗಿಲಿಗೆ) ಬಂದ ಕೋರಿಕೆಯನ್ನು ಒಳಗಿನ ಇಂಥ ಯಂತ್ರಕ್ಕೆ ಕಳಿಸು ಎಂದು ಹೇಳಿದ್ದೀರಿ. ಸಂಪರ್ಕ ಮಾತ್ರ ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಅದೇ ನಿಯಮವನ್ನು ಅಳಿಸಿ, ಮತ್ತೆ ಬರೆದು, ರೌಟರನ್ನು ಆರಿಸಿ ಹಚ್ಚುತ್ತಾ ಕೂರುತ್ತಾರೆ. ಅದನ್ನು ಕೊನೆಗಿಟ್ಟುಕೊಳ್ಳಿ.

ಮೊದಲ ಕೆಲಸ, ವಿಳಾಸ ಹೋಲಿಸುವುದು. ರೌಟರ್‌ನ ನಿರ್ವಹಣಾ ಪುಟಕ್ಕೆ ಲಾಗಿನ್ ಆಗಿ, ಸ್ಟೇಟಸ್ ಅಥವಾ ವ್ಯಾನ್ (WAN, ಹೊರಜಾಲದ ಸಂಪರ್ಕ) ವಿಭಾಗದಲ್ಲಿ ಕಾಣುವ ಐಪಿ ವಿಳಾಸವನ್ನು ಬರೆದುಕೊಳ್ಳಿ. ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಗುಪ್ತವಾಗಿ ಸಾಗಿಸುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ, ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ಜಾಲತಾಣ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ಸರಿ. ರೌಟರ್‌ನಲ್ಲಿರುವ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ನೀವು ಕ್ಯಾರಿಯರ್ ಗ್ರೇಡ್ ನ್ಯಾಟ್ ಹಿಂದೆ ಇದ್ದೀರಿ. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿರುವುದೇ ಸುಮಾರು 430 ಕೋಟಿ ವಿಳಾಸ. ಅವು ಸಾಲದೆ ಸೇವಾ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಹೊರಗಿನಿಂದ ಬಂದ ಕೋರಿಕೆ ಕಂಪನಿಯ ಉಪಕರಣದಲ್ಲೇ ನಿಲ್ಲುತ್ತದೆ, ನಿಮ್ಮ ರೌಟರ್‌ವರೆಗೆ ಬರುವುದೇ ಇಲ್ಲ. ಆಗ ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಅಥವಾ ವಿಪಿಎನ್ ಸುರಂಗದ ದಾರಿ ಹಿಡಿಯಬೇಕು. ವಿಳಾಸ 192.168ರಿಂದ ಆರಂಭವಾಗಿದ್ದರೆ ಬಹುಶಃ ಕಂಪನಿ ಕೊಟ್ಟ ಮೋಡೆಮ್ ಕೂಡ ರೌಟರ್ ಕೆಲಸ ಮಾಡುತ್ತಿದೆ. ಅದನ್ನು ಬ್ರಿಜ್ ಮೋಡ್‌ಗೆ, ಅಂದರೆ ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ ಹಾಕಿ.

ಮುಂದಿನದು ಇನ್ನೊಂದು ತುದಿ: ಸರ್ವರ್ ಇರುವ ಕಂಪ್ಯೂಟರ್. ಮನೆಯೊಳಗಿನ ಬೇರೆ ಕಂಪ್ಯೂಟರ್‌ನಿಂದ ಅದನ್ನು ತಲುಪಲು ಆಗುತ್ತದೆಯೇ? ಆಗದಿದ್ದರೆ ರೌಟರ್ ನಿಯಮವನ್ನು ದೂರಿ ಫಲವಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್ ಆದೇಶ (netstat -an) ಕೊಟ್ಟು ಪಟ್ಟಿ ನೋಡಿ. ನಿಮ್ಮ ಪೋರ್ಟ್ 8080 ಎಂದುಕೊಳ್ಳಿ. ಸಾಲಿನಲ್ಲಿ 127.0.0.1:8080 ಎಂದಿದ್ದರೆ ಆ ಪ್ರೋಗ್ರಾಂ ತನ್ನದೇ ಯಂತ್ರದ ಕರೆಗೆ ಮಾತ್ರ ಓಗೊಡುತ್ತದೆ, 0.0.0.0:8080 ಎಂದಿದ್ದರೆ ಹೊರಗಿನವರಿಗೂ ಕಿವಿಗೊಡುತ್ತದೆ. ಅಷ್ಟಾದರೂ ಸಂಪರ್ಕ ಸಿಗದಿದ್ದರೆ ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು) ನೋಡಿ.

ಈಗ ನಿಯಮದ ಸರದಿ. ಅದರಲ್ಲಿ ಬರೆದ ಒಳಗಿನ ಐಪಿ ಈಗಲೂ ಆ ಕಂಪ್ಯೂಟರ್‌ನದ್ದೇ ಎಂದು ಖಚಿತಪಡಿಸಿಕೊಂಡು, ರೌಟರ್‌ನ ಡಿಎಚ್‌ಸಿಪಿ ಕಾಯ್ದಿರಿಸುವಿಕೆಯಿಂದ (ಒಂದು ಯಂತ್ರಕ್ಕೆ ಸದಾ ಒಂದೇ ವಿಳಾಸ ಕೊಡುವ ವ್ಯವಸ್ಥೆ) ಅದನ್ನು ಸ್ಥಿರಗೊಳಿಸಿ. ಮಾಹಿತಿ ಸಾಗಿಸುವ ಎರಡು ವಿಧಾನಗಳಲ್ಲಿ ಬೇಕಾದದ್ದು ಟಿಸಿಪಿಯೋ ಯುಡಿಪಿಯೋ ನೋಡಿ: ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಗೆ ಟಿಸಿಪಿ 25565 ಬೇಕು, ಬೆಡ್‌ರಾಕ್‌ಗೆ ಯುಡಿಪಿ 19132.

ಪರೀಕ್ಷಿಸುವಾಗ ಮೊಬೈಲ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಬಳಸಿ. ಒಳಗಿನಿಂದಲೇ ಸಾರ್ವಜನಿಕ ವಿಳಾಸಕ್ಕೆ ಹೋದರೆ ಎಲ್ಲ ರೌಟರ್‌ಗಳೂ ಅದನ್ನು ಒಳಕ್ಕೆ ತಿರುಗಿಸುವುದಿಲ್ಲ. ಎಲ್ಲ ಸರಿಯಿದ್ದೂ ಕೆಟ್ಟಂತೆ ಕಾಣುತ್ತದೆ. ಪೋರ್ಟ್ ಪರೀಕ್ಷಿಸುವ ಜಾಲತಾಣಗಳು ‘ಮುಚ್ಚಿದೆ’ ಎಂದೊಡನೆ ನಂಬಬೇಡಿ: ಸರ್ವರ್ ಪ್ರೋಗ್ರಾಂ ಓಡುತ್ತಿಲ್ಲದಿದ್ದರೂ ಅವು ಹೇಳುವುದು ಅದನ್ನೇ. ಸಂಪರ್ಕ ತಕ್ಷಣ ನಿರಾಕರಣೆಯಾದರೆ ಕೋರಿಕೆ ಎಲ್ಲೋ ತಲುಪಿದೆ, ಅಲ್ಲಿ ಕೇಳುವವರಿಲ್ಲ. ಬಹಳ ಹೊತ್ತು ಕಾದು ಕೈಚೆಲ್ಲಿದರೆ ಸಾಮಾನ್ಯವಾಗಿ ನಡುವೆ ಫೈರ್‌ವಾಲ್ ನುಂಗಿದೆ. ಕೆಲವು ಕಂಪನಿಗಳು 25, 80ರಂಥ ಪೋರ್ಟ್‌ಗಳನ್ನೇ ತಡೆಯುತ್ತವೆ. ಹೊರಗಿನ ಪೋರ್ಟ್ ಸಂಖ್ಯೆಯನ್ನಷ್ಟೇ ದೊಡ್ಡದಕ್ಕೆ ಬದಲಿಸಿ ನೋಡಿ.

ಬೇಸತ್ತು ಕಂಪ್ಯೂಟರನ್ನು ಡಿಎಂಜೆಡ್‌ಗೆ ಹಾಕುವವರಿದ್ದಾರೆ. ಅದು ಅದರ ಎಲ್ಲ ಪೋರ್ಟ್‌ಗಳನ್ನೂ ಇಡೀ ಇಂಟರ್‌ನೆಟ್‌ಗೆ ತೆರೆದಿಟ್ಟಂತೆ, ಬೇಡ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನೂ ನೇರವಾಗಿ ತೆರೆಯಬೇಡಿ, ವಿಪಿಎನ್ ಮೂಲಕವೇ ಹೋಗಿ.

ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇಂದು ನಿಂತಿದ್ದರೆ ಸಾರ್ವಜನಿಕ ಐಪಿ ಬದಲಾಗಿರಬಹುದು. ಬಹಳಷ್ಟು ರೌಟರ್‌ಗಳಲ್ಲಿ ಡೈನಾಮಿಕ್ ಡಿಎನ್‌ಎಸ್ (ಬದಲಾಗುವ ಐಪಿಯನ್ನು ಒಂದೇ ಹೆಸರಿಗೆ ಜೋಡಿಸುವ) ಸೌಲಭ್ಯವಿದೆ. ಅದರಲ್ಲಿ ಒಂದು ಹೆಸರು ನೋಂದಾಯಿಸಿ, ಅಂಕಿಗಳ ಬದಲು ಆ ಹೆಸರನ್ನೇ ಬಳಸಿ.