ಬ್ಲ್ಯಾಕ್ ಬೆಲ್ಟಿಗೆ ಮೊದಲು ಹಿರಿಯರ ಕ್ಲಾಸು

ನಾನು ಧಾರವಾಡದಲ್ಲಿ ಕರಾಟೆ ಕಲಿಸುತ್ತೇನೆ. ಶೋಟೋಕಾನ್ ಶೈಲಿ. ಬ್ರೌನ್ ಬೆಲ್ಟ್ ತನಕ ಬಂದವರು ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ನಿಲ್ಲಬೇಕಂದ್ರೆ ನಮ್ಮಲ್ಲಿ ಒಂದು ಕರಾರು ಇದೆ. ಕೆಲವು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಬಡಾವಣೆಯ ಹಿರಿಯರಿಗೆ ಅವರು ಕಲಿಸಬೇಕು. ಬೀಳದ ಹಾಗೆ ನಿಲ್ಲುವುದು, ಬಿದ್ದರೆ ಮತ್ತೆ ಏಳುವುದು, ಇಷ್ಟೇ ಪಾಠ. ಪಂಚ್ ಇಲ್ಲ, ಕಿಕ್ ಇಲ್ಲ.

ಅಮೆರಿಕದ ಎಷ್ಟೋ ಕರಾಟೆ, ಟೇಕ್ವಾಂಡೋ ಶಾಲೆಗಳಲ್ಲಿ ಬ್ಲ್ಯಾಕ್ ಬೆಲ್ಟಿಗೆ ಇಂತಿಷ್ಟು ಗಂಟೆ ಸಮಾಜಸೇವೆ ಮಾಡಬೇಕು ಅನ್ನುವ ನಿಯಮವಿದೆ. ಮೊದಲ ಸಲ ಅದನ್ನು ಓದಿದಾಗ ನನಗೆ ಹಿಡಿಸಿತು. ಗಂಟೆಯ ಲೆಕ್ಕ ಮಾತ್ರ ಹಿಡಿಸಲಿಲ್ಲ. ನಮ್ಮ ಕಡೆ ಲೆಕ್ಕ ಅಂದ್ರೆ ಏನಾಗುತ್ತದೆ ಗೊತ್ತಲ್ಲ. ಒಂದು ಬ್ಯಾನರ್, ಬಿಳಿ ಡ್ರೆಸ್ಸಿನಲ್ಲಿ ಸಾಲಾಗಿ ನಿಂತ ಮಕ್ಕಳು, ಕೈಯಲ್ಲಿ ಪೊರಕೆ, ಒಂದು ಫೋಟೋ, ಆಮೇಲೆ ಎಲ್ಲರಿಗೂ ಇಡ್ಲಿ. ಕೆಲಗೇರಿ ಕೆರೆ ದಂಡೆಯ ಪ್ಲಾಸ್ಟಿಕ್ ಆರಿಸುವುದು ಕೆಟ್ಟ ಕೆಲಸ ಅಂತ ನಾನು ಹೇಳ್ತಿಲ್ಲ. ಅದನ್ನು ಯಾರು ಬೇಕಾದರೂ ಮಾಡಬಹುದು, ಮಾಡಬೇಕು ಕೂಡ. ವರ್ಷಗಟ್ಟಲೆ ನಿಲ್ಲೋದು, ತಿರುಗೋದು, ಭಾರ ಬದಲಿಸೋದು ಕಲಿತ ಹುಡುಗಿ ಆ ಕಲಿಕೆಯನ್ನೇ ಯಾರಿಗಾದರೂ ಕೊಡಲಿ ಅನ್ನೋದು ನನ್ನ ಆಸೆ ಆಗಿತ್ತು.

ಕರಾಟೆಗೆ ಇದು ಹೊಸದೇನಲ್ಲ. ಬ್ಲ್ಯಾಕ್ ಬೆಲ್ಟಿನಿಂದ ಮೇಲಿನ ದರ್ಜೆಗಳಿಗೆ ಡಾನ್ ಅನ್ನುತ್ತಾರೆ. ಆ ಪದ್ಧತಿ ಶುರು ಮಾಡಿದವರು ಜೂಡೋದ ಜಿಗೊರೊ ಕಾನೊ, 1883ರಲ್ಲಿ. ಅದನ್ನು ಕರಾಟೆಗೆ ತಂದು 1924ರಲ್ಲಿ ತಮ್ಮ ಶಿಷ್ಯರಿಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟವರು ಗಿಚಿನ್ ಫುನಾಕೋಶಿ. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿದ ಮಾಸ್ತರರು. ಫುನಾಕೋಶಿಯವರ ಗುರು ಆಂಕೊ ಇತೋಸು 1908ರಲ್ಲಿ ಜಪಾನಿನ ಒಕಿನಾವಾದ ಶಿಕ್ಷಣ ಇಲಾಖೆಗೆ ಪತ್ರ ಬರೆದು, ಕರಾಟೆಯನ್ನು ಶಾಲೆಗಳಲ್ಲಿ ಕಲಿಸಿ ಅಂದಿದ್ದರು. ನಾವು ಇವತ್ತು ಹೀಯಾನ್ ಅಂತ ಕಲಿಸುವ ಐದು ಕಟಾಗಳನ್ನು (ಒಬ್ಬರೇ ಕ್ರಮವಾಗಿ ಮಾಡುವ ಹೆಜ್ಜೆ, ಏಟುಗಳ ಸರಣಿ) ಶಾಲಾ ಮಕ್ಕಳಿಗೆ ಹೊಂದುವಂತೆ ಜೋಡಿಸಿದವರೂ ಅವರೇ. ದೊಡ್ಡವರ ವಿದ್ಯೆಯನ್ನು ಮಕ್ಕಳ ಮೈಗೆ ತಕ್ಕ ಹಾಗೆ ಬದಲಿಸಬಹುದಾದರೆ ಅಜ್ಜ ಅಜ್ಜಿಯರ ಮೈಗೂ ಬದಲಿಸಬಹುದು, ಅಲ್ವಾ?

ಹಿರಿಯರೇ ಯಾಕೆ ಅಂದ್ರೆ, ಧಾರವಾಡ ಪೆನ್ಶನ್ ತಗೊಂಡವರ ಊರು. ಬೆಳಿಗ್ಗೆ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನಕ್ಕೆ ಹೋದರೆ ನಿವೃತ್ತ ಪ್ರೊಫೆಸರ್‌ಗಳು, ಬ್ಯಾಂಕಿನವರು, ಮಾಸ್ತರರು ಗುಂಪು ಗುಂಪಾಗಿ ಸಿಗುತ್ತಾರೆ. ಮಳೆಗಾಲದಲ್ಲಿ ನಮ್ಮೂರಿನ ಜಿಟಿಜಿಟಿ ಮಳೆ ಒಮ್ಮೆ ಹಿಡಿಯಿತೆಂದರೆ ಬಿಡುವುದಿಲ್ಲ. ಹಿತ್ತಲಿನ ಪರಸಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಹಳೆ ಮನೆಗಳ ಬಚ್ಚಲಿಗೆ ಒಂದು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. "ಬಚ್ಚಲದಾಗ ಬಿದ್ರಂತ" ಅನ್ನುವ ಸುದ್ದಿ ಪ್ರತಿ ಓಣಿಯಲ್ಲೂ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ದೊಡ್ಡದು. ಹಾಗೆ ಸಾಯುವವರಲ್ಲಿ 60 ದಾಟಿದವರೇ ಜಾಸ್ತಿ.

ಶುರು ಮಾಡುವ ಮೊದಲು ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕೂತು ಮಾತಾಡಿದೆ. ಅವರ ಮೊದಲ ಮಾತೇ, "ಬೀಳೂದು ಕಲಸಾಕ ಹೋಗಬ್ಯಾಡ್ರಿ." ಜೂಡೋದಲ್ಲಿ ಉಕೆಮಿ ಅಂತ ಇದೆ. ಬಿದ್ದಾಗ ಏಟು ಒಂದೇ ಕಡೆ ಬೀಳದೆ ಇಡೀ ತೋಳು, ಬೆನ್ನಿಗೆ ಹಂಚಿಹೋಗುವ ಹಾಗೆ ಬೀಳುವ ವಿದ್ಯೆ. ನನ್ನ ಬ್ರೌನ್ ಬೆಲ್ಟಿನವರಿಗೆ ಅದನ್ನು ಕಲಿಸಿದ್ದೇನೆ. ಮೂಳೆ ಸವೆದ ಅಜ್ಜಿಯನ್ನು ಬೀಳಿಸಿ ಕಲಿಸೋದು ಮಾತ್ರ ಹುಚ್ಚುತನ. ಇನ್ನೊಂದು ಮಾತನ್ನೂ ಅವರು ಗಟ್ಟಿಯಾಗಿ ಹೇಳಿದರು. ಬಿಪಿ ಮಾತ್ರೆ ತಗೊಳ್ಳುವ ಕೆಲವರಿಗೆ ಕೂತಲ್ಲಿಂದ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಹಾಗಾಗಿ ಎದ್ದ ಮೇಲೆ ಕುರ್ಚಿ ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು, ಆಮೇಲೆ ಹೆಜ್ಜೆ. ಇತ್ತೀಚೆಗೆ ಆಪರೇಶನ್ ಆದವರು, ನಿಂತಲ್ಲೇ ತಲೆ ಸುತ್ತುವವರು ಡಾಕ್ಟರರನ್ನು ಕೇಳಿಕೊಂಡೇ ಬರಬೇಕು. ಇದು ಚಿಕಿತ್ಸೆ ಅಲ್ಲ ಅಂತ ಮೊದಲ ದಿನವೇ ಹೇಳುತ್ತೇವೆ.

ಜಾಗ ಸಿಕ್ಕಿದ್ದು ಬಡಾವಣೆಯ ಗಣಪತಿ ಗುಡಿಯ ಹಾಲ್‌ನಲ್ಲಿ. ಗುಡಿಯವರು ಪ್ರೀತಿಯಿಂದ ನವಲಗುಂದದ ಜಮಖಾನ ಹಾಸಿಟ್ಟಿದ್ದರು. ನಯವಾದ ಟೈಲ್ಸ್ ಮೇಲೆ ಜಮಖಾನ ಸರ್ರನೆ ಜಾರುತ್ತದೆ. ಕೈಮುಗಿದು ಮಡಚಿಟ್ಟು, ನಮ್ಮ ಕ್ಲಾಸಿನ ದಪ್ಪ ಮ್ಯಾಟ್ ತಂದು ಹಾಕಿದೆವು. ಪ್ಲಾಸ್ಟಿಕ್ ಕುರ್ಚಿಗಳ ಬೆನ್ನನ್ನು ಗೋಡೆಗೆ ಆನಿಸಿ ಇಟ್ಟೆವು. ಹಗುರ ಕುರ್ಚಿಯ ಮೇಲೆ ಭಾರ ಬಿಟ್ಟರೆ ಅದೇ ಮೊದಲು ಹಿಂದೆ ಓಡುತ್ತದೆ.

ಪಾಠ ಕುರ್ಚಿಯಿಂದಲೇ ಶುರು. ಕೈ ಊರದೆ ಏಳುವುದು, ಧಪ್ಪನೆ ಬೀಳದೆ ನಿಧಾನ ಕೂರುವುದು. ನೋಡೋಕೆ ಸುಮ್ನೆ ಅನ್ನಿಸುತ್ತದೆ, ಆದರೆ ತೊಡೆಯ ಬಲ ಎಷ್ಟಿದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಗೋಡೆ ಮುಟ್ಟಿಕೊಂಡು ಒಂಟಿ ಕಾಲಲ್ಲಿ ನಿಲ್ಲುವುದು. ಆಮೇಲೆ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಗೆರೆಯ ಮೇಲೆ ನಡೆಯುವುದು.

ಇಲ್ಲಿ ನನ್ನ ಹುಡುಗರಿಗೆ ಸರಿಯಾಗಿ ಪರೀಕ್ಷೆ ಆಯಿತು. ಝೆನ್‌ಕುತ್ಸು ದಾಚಿ ಅಂದ್ರೆ ಉದ್ದ ಹೆಜ್ಜೆ ಇಟ್ಟು ಮುಂದಿನ ಮಂಡಿ ಬಾಗಿಸಿ ನಿಲ್ಲುವ ನಿಲುವು. ಕ್ಲಾಸಿನಲ್ಲಿ ಅದನ್ನು ಎಷ್ಟು ಕೆಳಗೆ, ಎಷ್ಟು ಉದ್ದ ಹಾಕುತ್ತಾರೋ ಅಷ್ಟು ಹೆಮ್ಮೆ. ಇಳಕಲ್ ಸೀರೆ ಉಟ್ಟು ಬಂದ ಅಜ್ಜಿಗೆ ಅಷ್ಟು ಉದ್ದ ಹೆಜ್ಜೆ ಇಡೋಕೆ ಸೀರೆಯೇ ಬಿಡುವುದಿಲ್ಲ. ಹಾಗಾದರೆ ಈ ನಿಲುವಿನಲ್ಲಿ ಬಿಡಬಹುದಾದ್ದು ಏನು, ಬಿಡಬಾರದ್ದು ಏನು? ನಾನು ಉತ್ತರ ಹೇಳಲಿಲ್ಲ. ಹುಡುಗಿಯರು ತಮ್ಮಲ್ಲೇ ಚರ್ಚೆ ಮಾಡಿ, ಉದ್ದವನ್ನು ಬಿಟ್ಟು ಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ದಾಟುವುದನ್ನು ಉಳಿಸಿಕೊಂಡರು. ಮಂಡಿ ಪಾದದ ಬೆರಳಿನ ದಿಕ್ಕಿಗೇ ಇರಬೇಕು ಅನ್ನೋದನ್ನೂ ಉಳಿಸಿಕೊಂಡರು. ನಾನು ವರ್ಷಗಳಿಂದ ಹೇಳ್ತಾ ಬಂದದ್ದೂ ಅದೇ. ನನ್ನ ಬಾಯಿಂದ ಕೇಳಿದಾಗ ಹತ್ತಿರಲಿಲ್ಲ, ಅಷ್ಟೆ.

ತೆಕ್ಕಿ ಶೋದಾನ್ ಅನ್ನುವ ಕಟಾ ಇನ್ನೂ ಚೆನ್ನಾಗಿ ಕೆಲಸಕ್ಕೆ ಬಂತು. ಇಡೀ ಕಟಾ ಒಂದೇ ಗೆರೆಯ ಮೇಲೆ, ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ನಡೆಯುತ್ತದೆ. ನಾವು ದಿನವಿಡೀ ಮುಂದಕ್ಕೇ ನಡೆಯುತ್ತೇವೆ, ಪಕ್ಕಕ್ಕೆ ಹೆಜ್ಜೆ ಇಡೋದು ಕಡಿಮೆ. ಸೊಂಟದ ಪಕ್ಕದ ಸ್ನಾಯು ಸೋತರೆ ನಡೆಯುವಾಗ ಮೈ ವಾಲುತ್ತದೆ. ಕೈಯೇಟುಗಳನ್ನೆಲ್ಲ ತೆಗೆದು, ಕಾಲು ಅಡ್ಡ ಹಾಕುವುದನ್ನೂ ಬಿಟ್ಟು, ಗೋಡೆಯ ಉದ್ದಕ್ಕೂ ಹೆಜ್ಜೆ ಮಾತ್ರ ಮಾಡಿಸಿದೆವು. ಒಬ್ಬ ಅಜ್ಜಾರು, "ಇದು ಕೋಲಾಟದ ಹೆಜ್ಜಿ ಇದ್ದಂಗ ಐತಲ್ಲವಾ" ಅಂದರು. ಅಲ್ಲಿಂದ ಅದಕ್ಕೆ ಕೋಲಾಟ ಅಂತಲೇ ಹೆಸರು. ಎಣಿಕೆಯೂ ಬದಲಾಯಿತು. ನಮ್ಮ ಹುಡುಗರು ರೂಢಿಯಂತೆ ಜಪಾನಿಯಲ್ಲಿ "ಇಚಿ, ನಿ, ಸಾನ್" ಅಂದಾಗ ನಿವೃತ್ತ ಹೆಡ್ ಮಾಸ್ತರರೊಬ್ಬರು ತಡೆದು, "ತಮ್ಮಾ, ಒಂದು ಎರಡು ಅನ್ನಾಕ ಬರೂದಿಲ್ಲೇನು?" ಅಂತ ಕೇಳಿದರು.

ನೆಲದಿಂದ ಏಳುವ ಪಾಠಕ್ಕೆ ಬಂದಾಗ ಯಾರೂ ಮುಂದೆ ಬರಲಿಲ್ಲ. ಮೊಮ್ಮಕ್ಕಳ ವಯಸ್ಸಿನವರ ಎದುರು ನೆಲದ ಮೇಲೆ ಮಲಗಿ ಒದ್ದಾಡೋದು ಅಂದ್ರೆ ಅವರಿಗೆ ಮರ್ಯಾದೆ ಪ್ರಶ್ನೆ. ಅದಕ್ಕೆ ಮೊದಲು ಹುಡುಗರೇ ಮಲಗಿದರು, ಹಿರಿಯರು ಕುರ್ಚಿಯಲ್ಲಿ ಕೂತು ಇವರಿಗೆ ಹೇಳಿಕೊಡಬೇಕು. ಬಿದ್ದ ಕೂಡಲೇ ಏಳಬೇಡ, ಎಲ್ಲಿ ನೋವಿದೆ ನೋಡು. ಸೊಂಟ, ತೊಡೆ ನೋವಿದ್ದರೆ ಅಲ್ಲೇ ಇರು, ಕೂಗು, 108ಕ್ಕೆ ಫೋನ್ ಮಾಡಿಸು. ಏನೂ ಇಲ್ಲದಿದ್ದರೆ ಮಗ್ಗುಲಾಗು, ಮೊಳಕೈ ಊರು, ಅಂಬೆಗಾಲಿಗೆ ಬಾ, ಗಟ್ಟಿ ಕುರ್ಚಿಯ ಹತ್ತಿರ ಹೋಗು. ಎರಡೂ ಕೈ ಅದರ ಮೇಲೆ ಇಟ್ಟು, ಬಲವಾದ ಕಾಲನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂತುಕೋ. ನಾಲ್ಕು ಸಲ ಹುಡುಗರಿಗೆ ಬೈದು ತಿದ್ದಿದ ಮೇಲೆ ಒಬ್ಬ ಅಜ್ಜಿ ತಾವೇ ಸೆರಗು ಸಿಗಿಸಿಕೊಂಡು ಮ್ಯಾಟಿಗೆ ಬಂದರು.

ಕೆಲವು ನಿಯಮ ಮೊದಲೇ ಹಾಕಿದ್ದೆ. ಕೇಳದೆ ಮೈ ಮುಟ್ಟಬಾರದು. ಹೆಂಗಸರಿಗೆ ಹುಡುಗಿಯರೇ ಆಸರೆ ಕೊಡಬೇಕು. ಮೊಬೈಲ್ ಬ್ಯಾಗಿನಲ್ಲಿ, ಫೋಟೋ ಇಲ್ಲ. ಫೋಟೋ ಇಲ್ಲ ಅಂದದ್ದಕ್ಕೆ ಮಕ್ಕಳಿಗಿಂತ ತಂದೆ ತಾಯಿಗೆ ಬೇಜಾರಾಯಿತು. ಒಬ್ಬ ತಂದೆಯಂತೂ ನೇರವಾಗಿ, "ಮೇಡಂ, ಫೀ ಕಟ್ಟಾವ್ರು ನಾವು. ನಮ್ಮ ಹುಡುಗ ಮಂದಿ ಸೇವಾ ಯಾಕ ಮಾಡ್ಬೇಕ್ರಿ?" ಅಂದರು. ಒಂದು ಭಾನುವಾರ ಬಂದು ನೋಡಿ ಅಂದೆ. ಬಂದರು, ಹಿಂದೆ ಕೂತು ನೋಡಿದರು, ಏನೂ ಹೇಳದೆ ಹೋದರು. ಹುಡುಗ ಮಾತ್ರ ಬಿಡದೆ ಬಂದ. ಎಸ್ಸೆಸ್ಸೆಲ್ಸಿ, ಸೆಕೆಂಡ್ ಪಿಯು ಮಕ್ಕಳಿಗೆ ಪರೀಕ್ಷೆ ಮುಗಿಯುವ ತನಕ ಒತ್ತಾಯ ಮಾಡುವುದಿಲ್ಲ. ಬೆಲ್ಟ್ ಒಂದು ವರ್ಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಎರಡೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡುವ ಅಂಗಡಿಗಳು ಬೇಕಾದಷ್ಟಿವೆ, ಅವಸರ ಇದ್ದವರು ಅಲ್ಲಿಗೆ ಹೋಗಲಿ.

ಒಬ್ಬ ಹುಡುಗನ ಬಗ್ಗೆ ಹೇಳಲೇಬೇಕು. ಟೂರ್ನಮೆಂಟಿನಲ್ಲಿ ಪದಕ ಗೆದ್ದವನು. ಅವನ ಪಾಲಿಗೆ ಬಂದವರು ಕಿವಿ ಸರಿಯಾಗಿ ಕೇಳದ ಒಬ್ಬ ಅಜ್ಜಾರು. ಇವನು ಕೂಗಿದಷ್ಟೂ ಅವರು ಸಿಡುಕುತ್ತಿದ್ದರು. ಒಂದೆರಡು ವಾರ ಆದ ಮೇಲೆ ಕೂಗುವುದನ್ನು ಬಿಟ್ಟ. ಅವರ ಎದುರಿಗೆ, ತನ್ನ ತುಟಿ ಕಾಣುವ ಹಾಗೆ ನಿಂತು, ಮಾಡಿ ತೋರಿಸಿ, ಕಾಯುವುದನ್ನು ಕಲಿತ. ಕಾಯುವುದೇ ಅವನಿಗೆ ಬರ್ತಿರಲಿಲ್ಲ. ಫೈಟಿನಲ್ಲೂ ಅದೇ ಅವನ ತೊಂದರೆ ಆಗಿತ್ತು.

ಇನ್ನೊಬ್ಬಳು ಎದುರಾಳಿಯ ಮುಂದಿನ ಪಾದ ನೋಡಿ ಏಟು ಯಾವಾಗ ಬರುತ್ತದೆ ಅಂತ ಹೇಳಬಲ್ಲಳು. ಆ ಕಣ್ಣನ್ನು ಅವಳು ಬಾಗಿಲ ಹತ್ತಿರ ಬಿಟ್ಟ ಚಪ್ಪಲಿಗಳ ಮೇಲೆ ಹಾಯಿಸಿದಳು. "ಮೇಡಂ, ಈ ಅಜ್ಜೀದು ಬಲಗಾಲಿನ ಚಪ್ಪಲಿ ಹೊರಗಡೆ ಮಾತ್ರ ಸವದೈತ್ರಿ." ಅಜ್ಜಿಗೆ ಬಲ ಮಂಡಿ ನೋವು, ಯಾರಿಗೂ ಹೇಳಿರಲಿಲ್ಲ. ಅವತ್ತಿನಿಂದ ಹೊಸಬರು ಬಂದರೆ ಮೊದಲು ಚಪ್ಪಲಿ ತಿರುಗಿಸಿ ನೋಡುವುದು ರೂಢಿ. ಅಡಿ ಸವೆದು ನುಣ್ಣಗಾದ ಹವಾಯಿ ಚಪ್ಪಲಿ ಎಷ್ಟು ಮನೆಗಳಲ್ಲಿದೆ ಅಂತ ಎಣಿಸಲೂ ಹೋಗಬಾರದು.

ಫಲ ಏನು ಅಂತ ಕೇಳಿದರೆ ದೊಡ್ಡ ಮಾತು ಆಡಲಾರೆ. ಒಬ್ಬ ಕಾಕಾ ಹಿತ್ತಲಲ್ಲಿ ಬಿದ್ದರು. ಹೇಳಿಕೊಟ್ಟ ಹಾಗೇ ಮಗ್ಗುಲಾಗಿ, ತೆಂಗಿನಮರ ಹಿಡಿದು ಎದ್ದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದರು. ಮಳೆಗೆ ಮಣ್ಣು ಮೆತ್ತಗಿತ್ತು ಅನ್ನೋದನ್ನು ಅವರ ಹೆಂಡತಿ ಆಮೇಲೆ ಹೇಳಿದರು.

ಬೆಲ್ಟ್ ಪರೀಕ್ಷೆಯ ದಿನ ಈ ಕೆಲಸಕ್ಕೆ ಅಂಕ ಇಲ್ಲ. ಹೊರಗಿನಿಂದ ಬರುವ ಪರೀಕ್ಷಕರು ಬಸ್ಸಾಯಿ ದಾಯ್ ಕಟಾ ನೋಡುತ್ತಾರೆ, ಕುಮಿತೆ, ಅಂದ್ರೆ ಎದುರಾಳಿಯ ಜೊತೆಗಿನ ಫೈಟು ನೋಡುತ್ತಾರೆ, ಅದು ಅವರ ಕೆಲಸ. ಅವರ ಮುಂದೆ ಯಾರನ್ನು ನಿಲ್ಲಿಸಬೇಕು ಅನ್ನೋದು ನನ್ನ ಕೆಲಸ. ನಾನು ಗಂಟೆ ಬರೆದ ಪುಸ್ತಕ ಕೇಳುವುದಿಲ್ಲ. ಹೊಸದಾಗಿ ಬಂದ ಹಿರಿಯರೊಬ್ಬರ ಜೊತೆ ಹುಡುಗನನ್ನು ಬಿಟ್ಟು, ದೂರ ನಿಂತು ನೋಡುತ್ತೇನೆ. ಆಮೇಲೆ ಆ ಹಿರಿಯರನ್ನೇ ಕೇಳುತ್ತೇನೆ, "ಇವನ ಕಡೆ ಮತ್ತೆ ಬರ್ತೀರೇನ್ರಿ?" ಅವರು ಮುಲಾಜಿಲ್ಲದೆ ಹೇಳುತ್ತಾರೆ.

ಮದುವೆ ಸೀಸನ್ ಬಂತೆಂದರೆ ಗುಡಿಯ ಹಾಲ್ ಸಿಗುವುದಿಲ್ಲ. ಹತ್ತಿರದ ಶಾಲೆಯೊಂದರ ಪಡಸಾಲೆ ಕೇಳಿಕೊಂಡೆವು. ಅಲ್ಲಿ ಹತ್ತಲು ಮೆಟ್ಟಿಲಿವೆ, ಹಿಡಿಕೆ ಇಲ್ಲ. ಈ ಸಲದ ಬ್ರೌನ್ ಬೆಲ್ಟಿನವರು ಶಾಲೆಯವರ ಒಪ್ಪಿಗೆ ಪಡೆದು, ವೆಲ್ಡಿಂಗ್ ಅಂಗಡಿಯವರಿಂದ ರೇಟು ತಂದರು. ಹಿರಿಯರೂ ಪಟ್ಟಿ ಹಾಕಿದರು. ದುಡ್ಡು ಉಳಿಸೋಣ, ಒಂದೇ ಕಡೆ ಸಾಕು ಅಂತ ಮೊದಲು ಮಾತಾಯಿತು. ಲಕ್ವ ಹೊಡೆದು ಬಲಗೈ ಸೋತ ಅಜ್ಜಾರು ಹತ್ತುವಾಗ ಎಡಕ್ಕಿರುವ ಹಿಡಿಕೆ ಹಿಡಿಯಬಲ್ಲರು, ಇಳಿಯುವಾಗ ಅದೇ ಹಿಡಿಕೆ ಅವರ ಬಲಕ್ಕೆ ಬರುತ್ತದೆ, ಆಗ ಏನ್ ಮಾಡ್ತಾರೆ ಅಂತ ಒಬ್ಬ ಹುಡುಗಿ ಎದ್ದು ಕೇಳಿದಳು. ಎರಡೂ ಕಡೆ ಹಾಕಿಸುತ್ತಿದ್ದೇವೆ.